ಹಳೆಯ ಬಾಗಿಲಿಗೆ ಅಂಟಿಸಲು ಒಂದು ಚೀಟಿ

ಕುಂದುಕೊರತೆ ಅಧಿಕಾರಿಗಳೇ,

ಮಾನ್ಯರೇ ಎಂದೇ ಶುರುಮಾಡಬೇಕಿತ್ತು. ಆದರೆ ನೀವು ಮನುಷ್ಯರೋ ಯಂತ್ರವೋ ಎಂಬುದು ನನಗಿನ್ನೂ ಖಾತ್ರಿಯಾಗಿಲ್ಲ. ಯಾರೇ ಆಗಿರಿ, ನಿಮ್ಮ ಬೃಹತ್ ಕಂಪನಿ ತನ್ನ ಆ್ಯಪಿನಲ್ಲಿದ್ದ ನಮ್ಮ ‘ಊರ ಮಾತು’ ಗುಂಪಿಗೆ ಬೀಗ ಜಡಿದಿದೆ. ಹಳೆಯ ಮಾತುಗಳನ್ನು ಕೇಳಬಹುದು, ಹೊಸದಾಗಿ ಯಾರೂ ಬಾಯಿ ಬಿಡುವಂತಿಲ್ಲ. ಕಾರಣ: ‘ನಕಲಿ ಖಾತೆ’.

ಆ ನಕಲಿಯ ಹೆಸರು ಸಾಬಮ್ಮ. ಯಾದಗಿರಿ ಕಡೆಯವಳು, ರಾಜ್ಯದ ಗಡಿಯಾಚೆ ಈ ಮಿಯಾಪುರದಲ್ಲಿ ಕಟ್ಟಡದ ಕೆಲಸ. ಇಲ್ಲಿನ ಅಪಾರ್ಟ್‌ಮೆಂಟ್ ಸಂಘದ ಗುಮಾಸ್ತನಾದ ನಾನೇ ಅವಳ ಹೆಸರಲ್ಲಿ ಗುಂಪು ತೆರೆದುಕೊಟ್ಟಿದ್ದೆ. ಕೂಲಿಯವರ ಶೆಡ್ಡುಗಳ ಸಾಲಿಗೆಲ್ಲ ಇರುವ ಒಳ್ಳೆಯ ಫೋನು ಅವಳದೊಂದೇ. ಕೆಲಸ ಮುಗಿಸಿ ಬಂದ ಹೆಂಗಸರು ಸರದಿಯಲ್ಲಿ ಅದರಿಂದಲೇ ಊರಿನವರಿಗೆ ಧ್ವನಿ ಸಂದೇಶ ಕಳಿಸುತ್ತಿದ್ದರು. ಒಂದೇ ಖಾತೆಯಿಂದ ಇಷ್ಟೊಂದು ದನಿಗಳೇ ಎಂದು ನಿಮ್ಮ ಯಂತ್ರಕ್ಕೆ ಗುಮಾನಿ ಬಂತು. ಖಾತೆದಾರರ ಮುಖ ತೋರಿಸಿ ಎಂದಿತು. ಸಾಬಮ್ಮ ಎಲ್ಲರನ್ನೂ ಕರೆದು ಕ್ಯಾಮೆರಾ ಮುಂದೆ ಸಾಲಾಗಿ ನಿಲ್ಲಿಸಿದಳು. ಆಮೇಲೆ ನಾನು ತಲೆ ಚಚ್ಚಿಕೊಂಡರೆ, “ಫೋನ್ ಎಲ್ಲಾರೂ ವಾಪರ್ತಾರ್ರಿ. ನಾ ಒಬ್ಬಾಕಿನೇ ನಿಂತ್ರ ಸುಳ್ಳ ಆಗೂದಿಲ್ಲೇನ್ರಿ?” ಅಂದಳು. ಇಷ್ಟು ಪ್ರಾಮಾಣಿಕತೆಯನ್ನು ನಿಮ್ಮ ಸಂಸ್ಥೆ ಎಂದೂ ಕಂಡಿರಲಿಕ್ಕಿಲ್ಲ. ಗಾಬರಿಬಿದ್ದು ಖಾತೆಯ ಜೊತೆ ಗುಂಪನ್ನೂ ಮುಚ್ಚಿತು.

ಸಾಬಮ್ಮನ ತಂಗಿ ಶಿವಗಂಗಾ ಸೈಟಿನಿಂದ ಸೈಟಿಗೆ ಅಲೆಯುವವಳು. ಸ್ವಂತ ಫೋನಿಲ್ಲ. ಆಯಾ ಸೈಟಿನಲ್ಲಿ ಸಿಕ್ಕ ಗುಂಪಿನವರ ಫೋನು ಕೇಳಿ ಪಡೆದು, ಗುಂಪಿನಲ್ಲೇ ಅಕ್ಕನನ್ನು ಕರೆಯುತ್ತಿದ್ದಳು. ಅದರ ಹೊರತು ಅಕ್ಕತಂಗಿಯರಿಗೆ ಬೇರೆ ವಿಳಾಸವಿಲ್ಲ. ಬೀಗ ಬೀಳುವ ಮುನ್ನ ಬಂದ ಅವಳ ಕೊನೆಯ ಮಾತು ಇದು: “ಅಕ್ಕಾ, ನಾಳೆ ಬ್ಯಾರೆ ಕಡೆ ಕರ್ಕೊಂಡು ಹೊಂಟಾರ. ಯಾವೂರಂತ ಗೊತ್ತಿಲ್ಲ. ಮುಟ್ಟಿದ ಮ್ಯಾಲೆ ಇಲ್ಲೇ ಹೇಳ್ತೀನಿ.” ಮುಟ್ಟಿದಳೋ ಇಲ್ಲವೋ ನಮಗೆ ತಿಳಿಯದು. ಅಕ್ಕ ಮುನಿಸಿಕೊಂಡು ಸುಮ್ಮನಾದಳು ಎಂದುಕೊಂಡಿರಲೂಬಹುದು.

ಮೇಲ್ಮನವಿ ಕಳಿಸಿದೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದು ಉತ್ತರ ಬಂತು. ಅಷ್ಟು ಅಮೂಲ್ಯವಾದದ್ದನ್ನು ಯಾರಾದರೂ ಓದಿದರೇ? ಕೊಂಡಾಪುರದ ನಿಮ್ಮ ಕಚೇರಿಗೂ ಬಂದೆ. “ಯಹಾಂ ಕೋಯಿ ನೈ ಮಿಲ್ತಾ ಸಾಬ್, ಆನ್‌ಲೈನ್ ಡಾಲೋ” ಎಂದ ಗೇಟಿನವನು; ಇಲ್ಲಿ ಯಾರೂ ಸಿಗುವುದಿಲ್ಲ, ಆನ್‌ಲೈನಿನಲ್ಲೇ ಹಾಕಬೇಕಂತೆ. ಆನ್‌ಲೈನಿನಲ್ಲಿ ಸೋತೇ ಗೇಟಿಗೆ ಬಂದವನಿಗೆ ಇದಕ್ಕಿಂತ ದೊಡ್ಡ ಸತ್ಕಾರ ಬೇಕೆ?

ನಿಮ್ಮ ಮೇಲಿನ ನಂಬಿಕೆ ಅಲ್ಲಿಗೆ ತೀರಿತು. ಮಂಗಳೂರಿನ ನಿಖಿತಾ ಎಂಬ ಹುಡುಗಿ ಮತ್ತವಳ ಗೆಳತಿಯರು ಇಲ್ಲಿ ಸ್ವಂತವಾಗಿ ನಡೆಸುವ ಪುಟ್ಟ ಜಾಲತಾಣಕ್ಕೆ ನಾವೆಲ್ಲ ಹೋಗಿದ್ದೇವೆ. ಜಾಹೀರಾತಿಲ್ಲ, ಒಂದೇ ಖಾತೆಯಲ್ಲಿ ಹತ್ತು ಮಂದಿ ಮಾತಾಡಿದರೂ ತಕರಾರಿಲ್ಲ. ಎಲ್ಲ ಸರಿ, ಶಿವಗಂಗಾ ಇಲ್ಲ. ಸಾಬಮ್ಮ ದಿನಾ ಅಲ್ಲಿ ತಂಗಿಯನ್ನು ಕರೆಯುತ್ತಾಳೆ. ನಿಖಿತಾಳಿಗೂ ಕೇಳಿ ಕೇಳಿ ಸಂಕಟ. “ತಾಣ ಏನೋ ಕಟ್ಟಬಹುದು ಸರ್, ಅವರ ತಂಗಿಯನ್ನು ಎಲ್ಲಿಂದ ತರೋದು?” ಎನ್ನುತ್ತಾಳೆ. ನಾವು ಹೊರಬಂದೆವು, ನಮ್ಮವಳೊಬ್ಬಳು ನಿಮ್ಮೊಳಗೇ ಉಳಿದಳು.

ಬೀಗ ತೆಗೆಯಿರಿ ಎಂದು ಕೇಳುತ್ತಿಲ್ಲ, ಆ ಆಸೆ ಬಿಟ್ಟಿದ್ದೇನೆ. ಅಂಗಡಿ ಖಾಲಿ ಮಾಡಿದವರು ಹಳೆಯ ಬಾಗಿಲಿಗೆ ಹೊಸ ವಿಳಾಸದ ಚೀಟಿ ಅಂಟಿಸುತ್ತಾರಲ್ಲ, ಅಷ್ಟಕ್ಕೆ ಬಿಡಿ. ಗುಂಪಿನಲ್ಲಿ ಒಂದೇ ಒಂದು ಧ್ವನಿ ಸಂದೇಶ ಹಾಕಲು ಬಿಡಿ. ಸಾಬಮ್ಮ ಅದನ್ನು ನನ್ನ ಫೋನಿನಲ್ಲಿ ಹೇಳಿಟ್ಟಿದ್ದಾಳೆ: “ಗಂಗಾ, ನಾ ಸಿಟ್ಟಾಗಿಲ್ಲವ್ವಾ. ಇಲ್ಲಿ ಬಾಗಲಾ ಹಾಕ್ಯಾರ. ನಾ ಬ್ಯಾರೆ ಕಡೆ ಅದೀನಿ, ಅಲ್ಲಿಗೆ ಬಾ.” ಹೊಸ ತಾಣದ ಹೆಸರನ್ನೂ ಕೊನೆಗೆ ಹೇಳಿದ್ದಾಳೆ. ಈ ಸಲ ಪಕ್ಕಕ್ಕೆ ಯಾರನ್ನೂ ಕರೆದಿಲ್ಲ. ನಿಮ್ಮ ನಿಯಮದಂತೆ ಒಬ್ಬಳೇ ಮಾತಾಡಿದ್ದಾಳೆ.

ಇಂತಿ,
ಉತ್ತರ ಬಾರದೆಂದು ತಿಳಿದೂ ಬರೆದ
ವೈಜನಾಥ
ನಕಲಿ ಗುಂಪಿನ ಅಸಲಿ ಗುಮಾಸ್ತ, ಮಿಯಾಪುರ