ಮೂರು ಸಲ ಇಳಿಸಿದ ಗೇರ್‌ಬಾಕ್ಸ್

ಅಣ್ಣಾ,

ನೀನು ತೀರಿಹೋಗಿ ವರ್ಷವಾದ ಮೇಲೆ, ಇವತ್ತು ನಮ್ಮ ಹಳೇ ಜೀಪು ಸರಿಯಾಯಿತು. ಎರಡರಿಂದ ಮೂರನೇ ಗೇರಿಗೆ ತಾನೇ ಬದಲಾಗುವಾಗ ಒದೆಯುತ್ತಿತ್ತಲ್ಲ, ಈಗ ಕಲ್ಲುದಿಣ್ಣೆ ಹತ್ತುವಾಗಲೂ ಬದಲಾಗಿದ್ದೇ ತಿಳಿಯುವುದಿಲ್ಲ.

ಅದಕ್ಕಾಗಿ ನೀನು ಗೇರ್‌ಬಾಕ್ಸನ್ನು ಮೂರು ಸಲ ಇಳಿಸಿದ್ದೆ. ನಮ್ಮ ಶೆಡ್ಡಿನಲ್ಲಿ ಗೇರು, ಎಂಜಿನ್ ನಿನ್ನ ಪಾಲು; ವೈರು, ಗೇರ್ ಬದಲಿಸುವ ಕಂಪ್ಯೂಟರ್ ಡಬ್ಬಿ ನನ್ನ ಪಾಲು. "ಒಳಗೆ ಏನೂ ಕೆಟ್ಟಿಲ್ಲ ಕಣೋ, ನಿನ್ನ ಕಂಪ್ಯೂಟರ್ ಡಬ್ಬಿ ಒಂದ್ಸಲ ಬಿಚ್ಚಿ ನೋಡು" ಅಂದಿದ್ದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನಾನು ಗಿರಾಕಿಗಳ ಎದುರಿಗೇ ನಕ್ಕಿದ್ದೆ. ಮೂರನೇ ಸಲ ನೀನು ಯಾರನ್ನೂ ಕರೆಯದೆ ಒಬ್ಬನೇ ಅದನ್ನು ಎತ್ತಿದೆ. ಅವತ್ತು ಸೊಂಟ ಹೋಯಿತು. ಮತ್ತೆ ನೀನು ಗಾಡಿಯಡಿ ಮಲಗಲಿಲ್ಲ.

ಇವತ್ತು ಆ ಡಬ್ಬಿ ಬಿಚ್ಚಿದೆ. ಹಿಂದೆ ನಾನೇ ಹಾಕಿದ್ದ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಗೇರ್‌ಬಾಕ್ಸಿಗೆ ಹೋಗಬೇಕಾದ ಕರೆಂಟು ಅಲ್ಲೇ ತಪ್ಪುತ್ತಿತ್ತು. ಮತ್ತೆ ಬೆಸೆಯಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ಗಾಡಿಯ ಸದ್ದು ಕೇಳಿ ಅತ್ತಿಗೆ ಶೆಡ್ಡಿಗೆ ಬಂದರು. "ಏನಾಗಿತ್ತಪ್ಪಾ ಅದಕ್ಕೆ?"

"ಗೇರ್‌ಬಾಕ್ಸೇ ಅತ್ತಿಗೆ," ಅಂದುಬಿಟ್ಟೆ.

"ಅವರೂ ಕೊನೆಕೊನೆಗೆ ಹಾಗೇ ಅಂತಿದ್ರು. ತಮ್ಮ ಹೇಳಿದ್ದೇ ಸರಿ, ನನ್ನ ಕೈಯೇ ಕೆಟ್ಟೋಯ್ತು ಅಂತ."

ಹಾಗಂದು, ನಿನ್ನ ಸ್ಪ್ಯಾನರ್ ಪೆಟ್ಟಿಗೆ ತಂದು ನನ್ನ ಕಾಲ ಬಳಿ ಇಟ್ಟು ಹೋದರು. ಅದಿನ್ನೂ ಅಲ್ಲೇ ಇದೆ.