ಜಗಲಿಯ ಪೆಟ್ಟಿಗೆಯ ಪುಸ್ತಕ

ಭಾಗಮಂಡಲ
೧೮-೪-೧೯೫೪, ಭಾನುವಾರ

ಚಿ. ಸೌ. ಯಮುನಳಿಗೆ,

ನಿನ್ನ ಅಪ್ಪನ ಆಶೀರ್ವಾದಗಳು.

ಈಗ ಸಂಜೆ ನಾಲ್ಕು ಗಂಟೆ. ಬೆಳಗ್ಗಿನಿಂದ ವಾಚನಾಲಯದ ಅಂಗಳದಲ್ಲಿ ಚಾಪೆ ಹಾಸಿ ಪುಸ್ತಕಗಳನ್ನು ಬಿಸಿಲಿಗೆ ಹರವಿದ್ದೆ. ಎಲ್ಲವನ್ನೂ ಬೀರುವಿಗೆ ಸೇರಿಸಿ ಈಗಷ್ಟೇ ಕೂತೆ. ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಕೆಲಸದ ನೆಪ ಹೇಳಬಹುದು, ಅದು ನಿಜವಲ್ಲ. ‘ಅಪ್ಪ, ಅವ್ವನಿಗೆ ಸಿಡುಬು ತಂದವಳು ನಾನೇನಾ?’ ಎಂದು ಕೇಳಿದ್ದೀಯಲ್ಲ, ಆ ಸಾಲು ದಾಟಿ ಮುಂದೆ ಓದಲು ಆಗಲಿಲ್ಲ.

ಅವ್ವ ಹೋಗಿ ಎರಡು ತಿಂಗಳಾಯಿತು. ಅಡಿಗೆ ನಾನೇ ಮಾಡುತ್ತೇನೆ. ಉಪ್ಪು ಎರಡು ಸಲ ಬೀಳುತ್ತದೆ.

ಊರಲ್ಲಿ ಹೊಸದಾಗಿ ಯಾರಿಗೂ ಕಾಯಿಲೆಯಿಲ್ಲ. ಸಿಡುಬು ತಡೆಯುವ ದಾಕು ಚುಚ್ಚಲು ಬಂದವರು ಮಡಿಕೇರಿಗೆ ಹಿಂತಿರುಗಿದರು. ಸಿಡುಬು ಕಾಣಿಸಿದ ದಿನವೇ ನಾನು ವಾಚನಾಲಯದ ಬಾಗಿಲಿಗೆ ನಿಯಮ ಬರೆದು ಅಂಟಿಸಿದ್ದೆ: ವಾಪಸು ಬರುವ ಪುಸ್ತಕ ಜಗಲಿಯ ಪೆಟ್ಟಿಗೆಯಲ್ಲೇ ನಲವತ್ತು ದಿನ ಇರಬೇಕು, ಕಾಯಿಲೆಯ ಮನೆಯದಾದರೆ ಸುಡಬೇಕು. ಹನ್ನೊಂದು ಪುಸ್ತಕ ನನ್ನ ಕೈಯಾರೆ ಸುಟ್ಟೆ. ಉಳಿದವಕ್ಕೆ ಗಂಧಕದ ಹೊಗೆ ಹಾಕಿದೆ. ಸಮಿತಿಯ ಗುರುವಪ್ಪನವರು ಮೂಗು ಮುಚ್ಚಿಕೊಂಡು, ‘ಏನ್ ಕೂಸಪ್ಪ, ಇನ್ನು ಪುಸ್ತಕಕ್ಕೆ ದಾಕು ಹಾಕಿಸೋದೊಂದೇ ಬಾಕಿ ಉಟ್ಟು!’ ಎಂದು ನಗಾಡಿದರು. ಈಗ ಅವರೇ, ವಾಚನಾಲಯದಿಂದ ಒಬ್ಬರಿಗೂ ಕಾಯಿಲೆ ಹರಡಲಿಲ್ಲ, ಸಭೆಯಲ್ಲಿ ಕೂಸಪ್ಪನಿಗೆ ಶಾಲು ಹೊದಿಸಬೇಕು ಎನ್ನುತ್ತಿದ್ದಾರೆ.

ನೆರೆಮನೆಯ ಚಿಕ್ಕಿ ಬಾವಿಕಟ್ಟೆಯಲ್ಲಿ ಸಿಕ್ಕವರಿಗೆಲ್ಲ, ‘ಕರಿಕೆಯಿಂದ ಮಗಳು ಬಂದ್ಲು, ಜೊತೆಗೆ ಸೀಕೂ ಬಂತು’ ಎನ್ನುತ್ತಾಳೆ. ನಾನು ಕೊಡ ತುಂಬಿಸಿಕೊಂಡು ಸುಮ್ಮನೆ ಬಂದೆ. ಒಂದು ಸಲವಲ್ಲ.

ಮಗುವಿಗೆ ಹಲ್ಲು ಬಂತೇ? ಅಳಿಯಂದಿರಿಗೆ ನನ್ನ ನೆನಪು ತಿಳಿಸು. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ಅಪ್ಪ,
ಕೂಸಪ್ಪ

ತಾ.ಕ.: ನೀನು ತಂದದ್ದಲ್ಲ ಮಗಳೇ. ನೀನು ಬರುವುದಕ್ಕೆ ಹದಿನೈದು ದಿನ ಮೊದಲು ಜಯಪ್ಪ ಮೇಷ್ಟ್ರ ಮನೆಯಿಂದ ಒಂದು ಕಾದಂಬರಿಯ ಎರಡನೇ ಭಾಗ ಪೆಟ್ಟಿಗೆಗೆ ಬಂದಿತ್ತು. ಮೇಷ್ಟ್ರು ಸಿಡುಬಿನಿಂದ ಮಲಗಿದ್ದರು. ಮೊದಲ ಭಾಗ ಓದಿದ್ದ ಅವ್ವ, ‘ಆ ಹುಡುಗಿಗೆ ಮದುವೆ ಆತೋ ಇಲ್ವೋ ಗೊತ್ತಾಗದೆ ನಂಗೆ ಅನ್ನ ಸೇರುದಿಲ್ಲ. ನಿಮ್ಮ ಪೆಟ್ಟಿಗೆಗೆ ಬೆಂಕಿ ಬೀಳ!’ ಎಂದು ದಿನಾ ಬೈಯುತ್ತಿದ್ದಳು. ಊರಿಗೆಲ್ಲ ನಿಯಮ ಹೇಳಿದ ನಾನು ಅದನ್ನು ಒಂದು ಮಧ್ಯಾಹ್ನ ಬಿಸಿಲಿಗಿಟ್ಟು, ಅಂಗಿಯೊಳಗೆ ಮುಚ್ಚಿ ಮನೆಗೆ ತಂದೆ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುವುದು ಅವಳ ಅಭ್ಯಾಸ. ಎರಡು ದಿನದಲ್ಲಿ ಓದಿ ಮುಗಿಸಿದಳು.

ನೀನು ಬಂದ ಮರುದಿನ ಅವಳಿಗೆ ಜ್ವರ ಬಂತು. ಈ ಕಾಯಿಲೆ ಮೈಗೆ ಸೇರಿ ಏಳಲು ಹನ್ನೆರಡು ದಿನ ಬೇಕೆಂದು ದಾಕಿನವರು ಹೇಳಿದಾಗಲೇ ನನಗೆ ಗೊತ್ತಾಯಿತು. ಗೊತ್ತಿದ್ದೂ ನಿನ್ನ ಮೇಲೆ ಬಂದ ಮಾತನ್ನು ತಡೆಯಲಿಲ್ಲ. ಇದನ್ನು ಅಳಿಯಂದಿರಿಗೂ ನಿನ್ನ ಅತ್ತೆಗೂ ಓದಿ ಹೇಳು.

ನಾಳೆ ಹತ್ತು ಗಂಟೆಗೆ ಸಮಿತಿಯ ಸಭೆ ಇದೆ. ಅಲ್ಲಿ ನಾನೇ ಹೇಳುತ್ತೇನೆ.