ಬಣ್ಣ ಬಿಡದ ಬಟ್ಟೆ

ಚಿಕ್ಕಮ್ಮಾ,

ಕಂಪಾಲಾದಿಂದ ನಿನ್ನ ನ್ಸಿಮಿರೆ. ನಾನೀಗ ಇಂಗ್ಲಿಷ್ ಕಲಿಯುತ್ತಿದ್ದೇನೆ, ನಗಬೇಡ. ಚರ್ಚಿನ ಹಿಂದಿನ ಶೆಡ್ಡಿನಲ್ಲಿ ಮೇಷ್ಟ್ರು ಮಕ್ಕಳ ತಾಯಂದಿರಾದ ನಮ್ಮನ್ನು ಸಾಲಾಗಿ ಕೂರಿಸಿ, ಉಚ್ಚಾರ ತಿದ್ದುತ್ತೇನೆಂದು ನಾಲಿಗೆ ಹೊರಗೆ ಹಾಕಿಸುತ್ತಾರೆ. ನಮ್ಮೂರು ಬುಕಾವುವಿನಲ್ಲಿ ಹಾಗೆ ಮಾಡಿದ್ದರೆ ನೀನು ಕಪಾಳಕ್ಕೆ ಬಾರಿಸುತ್ತಿದ್ದೆ. ಕಲಿಸಿದ ಮೊದಲ ಮಾತೇ ‘ಸಾರಿ’. ಬೇರೆ ದೇಶದಿಂದ ಬಂದವರಿಗೆ ಅಷ್ಟು ಸಾಕೆಂದು ಅವರ ಎಣಿಕೆ.

ಮಾರುಕಟ್ಟೆಯಲ್ಲಿ ನನ್ನ ಬಟ್ಟೆ ಅಂಗಡಿಯ ಪಕ್ಕದಲ್ಲೇ ತಾನೂ ಬಟ್ಟೆ ಮಾರುವ ನಬ್ಬೊಸ ಎಂಬ ಮಹಾತಾಯಿ ಇದ್ದಾಳೆ. ನನ್ನನ್ನು ಕಂಡರೆ ಹಲ್ಲು ಕಿರಿಯುತ್ತಾಳೆ. ಗಿರಾಕಿಗಳು ಬಂದರೆ ಮಾತ್ರ, ನನಗೆ ತಿಳಿಯುವುದಿಲ್ಲವೆಂದು, ಇಂಗ್ಲಿಷಿಗೆ ಹೊರಳುತ್ತಾಳೆ. ಬಂದವರೆಲ್ಲ ನನ್ನ ಬಟ್ಟೆಯನ್ನು ಮುಟ್ಟಿ ನೋಡಿ ಸುಮ್ಮನೆ ಯಾಕೆ ಹೋಗುತ್ತಿದ್ದರೆಂದು ನಿನ್ನೆ ಅರ್ಥವಾಯಿತು.

“ಅದನ್ನ ತಗೋಬೇಡಮ್ಮ, ಕಾಂಗೋದವರ ಬಟ್ಟೆ ಒಂದೇ ಒಗೆತಕ್ಕೆ ಬಣ್ಣ ಬಿಡತ್ತೆ,” ಅಂದಳು ಒಬ್ಬ ಹೆಂಗಸಿಗೆ.

ನನಗೆ ಮೈ ಉರಿದುಹೋಯಿತು. ತಡವರಿಸಿಕೊಂಡೇ, ಆದರೆ ಎಲ್ಲರಿಗೂ ಕೇಳುವ ಹಾಗೆ, ಇಂಗ್ಲಿಷಿನಲ್ಲೇ ಹೇಳಿದೆ: “ನನ್ನ ಬಟ್ಟೆ ಬಣ್ಣ ಬಿಡಲ್ಲ ಕಣಕ್ಕಾ. ಬುರುಡೆ ಬಿಡ್ತಿರೋದು ನೀನು.”

ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನಲ್ಲೇ ಎರಡು ಬಟ್ಟೆ ಕೊಂಡಳು. ನಬ್ಬೊಸಳ ಮುಖ ಒಗರು ಬಾಳೆಕಾಯಿ ತಿಂದಂತಾಗಿತ್ತು.

ನನ್ನ ಮಲೇರಿಯಾ ವಾಸಿಯಾಗಿದೆ, ಊಟ ಸೇರುತ್ತಿದೆ. ಈ ಕಾರ್ಡನ್ನು ನಿನಗೆ ತಲುಪಿಸುವ ಬಸ್ಸಿನವನು ಆಗಲೇ ಹಾರ್ನ್ ಒತ್ತುತ್ತಿದ್ದಾನೆ. ಹಾಂ, ಇವತ್ತು ಬೆಳಗ್ಗೆಯಿಂದ ಆ ಮಹಾತಾಯಿ ಇಂಗ್ಲಿಷ್ ಬಿಟ್ಟು ನನ್ನನ್ನು ತಮ್ಮ ಲುಗಾಂಡಾ ಭಾಷೆಯಲ್ಲಿ ಬೈಯುತ್ತಿದ್ದಾಳೆ. ಬೈಯಲಿ, ಅದನ್ನೂ ಕಲಿಯುತ್ತೇನೆ.

ನ್ಸಿಮಿರೆ